ನೀರು ಹೊತ್ತವರು

ನಮ್ಮ ಕಾಲೇಜಿನಲ್ಲಿ ಹುಟ್ಟುವ ಬರಹಗಳಲ್ಲೆಲ್ಲ ವಿನಯ ತುಂಬಿ ತುಳುಕುವುದು ರಜೆಯ ಅರ್ಜಿಯಲ್ಲಿ. ಪಾಠದ ಹೊತ್ತಿನಲ್ಲಿ ಹಿಂದಿನ ಬೆಂಚಿನ ಮೇಲೆ ಸಿಂಹಾಸನಾರೂಢನಾದ ಅರಸನಂತೆ ಕುಳಿತಿರುವ ಹುಡುಗನೂ ಅರ್ಜಿಯ ಕೊನೆಗೆ ಬಂದಾಗ 'ತಮ್ಮ ವಿಧೇಯ ವಿದ್ಯಾರ್ಥಿ'. ನಾವು ಅಧ್ಯಾಪಕರೇನೂ ಕಡಮೆಯವರಲ್ಲ. ಸಭೆಯಲ್ಲಿ ಮಾತಿಗೆ ನಿಂತ ಕೂಡಲೆ 'ಅಲ್ಪಮತಿಯಾದ ನಾನು' ಎಂದು ಆರಂಭಿಸಿ, ಆ ಅಲ್ಪಮತಿಯ ವಿಸ್ತಾರವನ್ನು ಒಂದೂವರೆ ಗಂಟೆಯ ಕಾಲ ತೋರಿಸಿ ಕುಳಿತುಕೊಳ್ಳುತ್ತೇವೆ. ವಿನಯದ ಮಾತು ಚಲಾವಣೆಯ ನಾಣ್ಯವಿದ್ದ ಹಾಗೆ. ಕೈಯಿಂದ ಕೈಗೆ ಹೋಗಿ ಹೋಗಿ ಅದರ ಮುದ್ರೆ ಸವೆದಿರುತ್ತದೆ. ಆದರೂ ಯಾರೂ ಬೇಡವೆನ್ನುವುದಿಲ್ಲ.

ವೈಷ್ಣವರ ಮನೆಗಳಲ್ಲಿ ಈ ನಾಣ್ಯದ ಓಡಾಟ ತುಸು ಹೆಚ್ಚೆಂದೇ ಹೇಳಬೇಕು. ನಾನು ಬೆಳೆದ ಊರಿನಲ್ಲಿ ನಮ್ಮದು ಮಾಧ್ವರ ಮನೆ. ಗೋಡೆಗೆ ಗೋಡೆ ಹೊಂದಿಕೊಂಡಿದ್ದ ಪಕ್ಕದ ಮನೆ ಶ್ರೀವೈಷ್ಣವರದು. ಆ ಮನೆಯ ತಾತ ತಮ್ಮವರೊಡನೆ ಮಾತನಾಡುವಾಗ 'ನಾನು' ಎನ್ನುತ್ತಿರಲಿಲ್ಲ, 'ಅಡಿಯೇನ್' ಎನ್ನುತ್ತಿದ್ದರು. ಅಡಿಯಲ್ಲಿರುವವನು, ದಾಸ, ಎಂದು ಅದರ ಅರ್ಥ. ಬಂದವರ ಮನೆ 'ತಿರುಮಾಳಿಗೈ'. ತಮ್ಮ ಮನೆ, ಅದು ನಮ್ಮ ಮನೆಗಿಂತ ಎರಡು ಅಂಕಣ ದೊಡ್ಡದಾಗಿದ್ದರೂ, 'ಕುಡಿಸೈ', ಎಂದರೆ ಗುಡಿಸಲು. ನಮ್ಮ ಕಡೆಯಲ್ಲಿಯೂ ಹಾಗೆಯೇ. ಹೆಸರಿನ ಕೊನೆಯಲ್ಲಿ 'ದಾಸ' ಎಂಬ ಎರಡಕ್ಷರ ಸೇರಿದರೆ ಅದಕ್ಕಿಂತ ದೊಡ್ಡ ಬಿರುದಿಲ್ಲ. ಕನ್ನಡದಲ್ಲಿ ಹಾಡಿ ಮನೆಮನೆಯ ಬಾಗಿಲಿಗೆ ಹರಿಯನ್ನು ತಂದ ಹಿರಿಯರೆಲ್ಲ ಆ ಎರಡಕ್ಷರವನ್ನೇ ಬಯಸಿ ಪಡೆದವರು.

ಮಾತು ಅಭ್ಯಾಸವಾದರೆ ಅರ್ಥ ಹಿಂದೆ ಉಳಿಯುತ್ತದೆಂಬುದು ಹಿಂದಿನವರಿಗೆ ತಿಳಿಯದ ವಿಷಯವಲ್ಲ. ಆದ್ದರಿಂದಲೇ ಅವರು ವಿನಯವನ್ನು ನಾಲಗೆಯ ವಶಕ್ಕೆ ಬಿಡದೆ ಕೈಗೂ ಒಂದು ಕೆಲಸ ಕೊಟ್ಟರು. ಅದಕ್ಕೆ ಕೈಂಕರ್ಯವೆಂದು ಹೆಸರು. 'ಏನು ಮಾಡಲಿ?' ಎಂದು ಕೇಳಿಕೊಂಡು ನಿಲ್ಲುವವನು ಕಿಂಕರ. ಅವನು ಮಾಡುವುದು ಕೈಂಕರ್ಯ. ಹೂ ಕಟ್ಟುವುದು, ದೀಪ ಹಚ್ಚುವುದು, ಅಂಗಳ ಸಾರಿಸುವುದು, ಪಾತ್ರೆ ತೊಳೆಯುವುದು, ಎಲ್ಲವೂ ಕೈಂಕರ್ಯವೇ. ಆದರೆ ಕಥೆಗಳನ್ನು ನೋಡುತ್ತ ಹೋದರೆ ಮತ್ತೆ ಮತ್ತೆ ಕಾಣಿಸುವುದು ನೀರು ಹೊರುವ ಕೆಲಸ. ಅದಕ್ಕೆ ಕಾರಣವಿದೆ. ನೀರು ಭಾರವಾದ ವಸ್ತು. ಇಂದು ತಂದದ್ದು ಇಂದೇ ಮುಗಿಯುತ್ತದೆ. ನಾಳೆ ಮತ್ತೆ ತರಬೇಕು. ಮಂಟಪ ಕಟ್ಟಿಸಿದವನು ಕಂಬದ ಮೇಲೆ ಹೆಸರು ಕೆತ್ತಿಸಬಹುದು; ಗಂಟೆ ಕೊಟ್ಟವನು ಗಂಟೆಯ ಅಂಚಿನಲ್ಲಿ ಬರೆಸಬಹುದು. ಹೊತ್ತು ತಂದ ನೀರಿನ ಮೇಲೆ ಹೆಸರು ಬರೆದವರು ಇನ್ನೂ ಹುಟ್ಟಿಲ್ಲ.

ಪಕ್ಕದ ಮನೆಯ ತಾತ ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತು ತಮ್ಮ ಗುರುಪರಂಪರೆಯ ಕಥೆಗಳನ್ನು ಹೇಳುತ್ತಿದ್ದರು. ನಾವು ಮಕ್ಕಳು ಕೇಳಿದ ಮೊದಲನೆಯ ಕಥೆ ತಿರುಮಲೈ ನಂಬಿಯದು. ಇವರು ರಾಮಾನುಜಾಚಾರ್ಯರ ಸೋದರಮಾವ. ಒಂದು ವರ್ಷ ಕಾಲ ಅವರಿಗೆ ರಾಮಾಯಣದ ಅರ್ಥವನ್ನು ಪಾಠ ಹೇಳಿದ ಗುರು. ಅಂಥವರು ತಿರುಮಲೆಯಲ್ಲಿ ಮಾಡುತ್ತಿದ್ದ ಕೆಲಸವೆಂದರೆ ಕಾಡುದಾರಿಯಲ್ಲಿ ನಡೆದು ಪಾಪವಿನಾಶದ ತೀರ್ಥವನ್ನು ತಲೆಯ ಮೇಲೆ ಹೊತ್ತು ತಂದು ಸ್ವಾಮಿಯ ಅಭಿಷೇಕಕ್ಕೆ ಒದಗಿಸುವುದು. ಒಂದು ದಿನ ದಾರಿಯಲ್ಲಿ ಬೇಡರ ಹುಡುಗನೊಬ್ಬ ಅಡ್ಡ ಬಂದು, 'ತಾತಾ, ಬಾಯಾರಿದೆ, ನೀರು ಕೊಡು' ಎಂದನಂತೆ. ದೇವರ ನೀರು, ಕೊಡಲಾಗದು ಎಂದರು ನಂಬಿ. ಹುಡುಗ ಹಿಂದಿನಿಂದ ಬಾಣ ಬಿಟ್ಟು ಕೊಡಕ್ಕೆ ತೂತು ಮಾಡಿ ನೀರು ಕುಡಿದುಬಿಟ್ಟ. ಮುದುಕರು ಬರಿಯ ಕೊಡವನ್ನು ಇಳಿಸಿ ಕಣ್ಣೀರು ಹಾಕಿದಾಗ ಅವನೇ ಬಂಡೆಗೆ ಬಾಣ ಬಿಟ್ಟು ಹತ್ತಿರದಲ್ಲಿಯೇ ಚಿಲುಮೆಯನ್ನು ಚಿಮ್ಮಿಸಿದ. ಅದೇ ಆಕಾಶಗಂಗೆ. ಸ್ವಾಮಿಯ ಬಾಯಿಂದ 'ತಾತ' ಎನಿಸಿಕೊಂಡದ್ದರಿಂದ ಆ ವಂಶದವರು ತಾತಾಚಾರ್ಯರಾದರೆಂದು ಹೇಳುತ್ತಾರೆ.

ಈ ನಂಬಿಯದೇ ಇನ್ನೊಂದು ಪ್ರಸಂಗ. ರಾಮಾನುಜರು ಬೆಟ್ಟ ಹತ್ತಿ ಬಂದಾಗ ಎದುರುಗೊಳ್ಳಲು ವಯೋವೃದ್ಧರಾದ ನಂಬಿಗಳೇ ಪ್ರಸಾದ ಹಿಡಿದು ಬಂದರು. 'ಇದಕ್ಕೆ ತಾವೇ ಬರಬೇಕಿತ್ತೆ? ಯಾರಾದರೂ ಚಿಕ್ಕವರನ್ನು ಕಳುಹಿಸಬಹುದಾಗಿತ್ತಲ್ಲ' ಎಂದರು ರಾಮಾನುಜರು. 'ನಾನೂ ಹಾಗೆಯೇ ಯೋಚಿಸಿದೆ. ನಾಲ್ಕು ಬೀದಿಯಲ್ಲಿಯೂ ಹುಡುಕಿದೆ. ನನಗಿಂತ ಚಿಕ್ಕವರು ಯಾರೂ ಸಿಕ್ಕಲಿಲ್ಲ' ಎಂದರಂತೆ ನಂಬಿಗಳು. ತಾತ ಈ ಮಾತನ್ನು ಹೇಳಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ದಿನವೂ ನೀರು ಹೊತ್ತ ತಲೆಯಿಂದ ಬಂದ ಮಾತಾದ್ದರಿಂದ ಅದಕ್ಕೆ ತೂಕವಿದೆ. ರಜೆಯ ಅರ್ಜಿಯ ವಿನಯಕ್ಕೆ ಆ ತೂಕವಿಲ್ಲ.

ವಿನಯವೆಂದರೆ ಅಂಜಿಕೆಯೆಂದು ತಿಳಿಯುವವರುಂಟು. ಅದನ್ನು ಸುಳ್ಳು ಮಾಡುವ ಕಥೆ ನಮ್ಮ ಮೈಸೂರು ಸೀಮೆಯ ಸಾಲಿಗ್ರಾಮದವರಾದ ವಡುಗ ನಂಬಿಯದು. ರಾಮಾನುಜರಿಗೆ ಹಾಲು ಕಾಯಿಸುವ ಕೆಲಸ ಇವರದು. ಒಮ್ಮೆ ಶ್ರೀರಂಗದ ಬೀದಿಯಲ್ಲಿ ರಂಗನಾಥನ ಉತ್ಸವ ಬಂತು. 'ವಡುಗಾ, ಬಾ, ಸ್ವಾಮಿಯನ್ನು ನೋಡು' ಎಂದು ರಾಮಾನುಜರು ಹೊರಗಿನಿಂದ ಕರೆದರು. 'ನಿಮ್ಮ ದೇವರನ್ನು ನೋಡಲು ಬಂದರೆ ನನ್ನ ದೇವರ ಹಾಲು ಉಕ್ಕಿಹೋಗುತ್ತದಲ್ಲ!' ಎಂದರು ವಡುಗ ನಂಬಿ, ಒಲೆಯ ಮುಂದಿನಿಂದ ಏಳದೆ. ಗುರುವಿನ ಮಾತಿಗೂ ಏಳದ ವಿನಯ ಇದು. ಕೆಲಸದ ಮೇಲಿನ ಕಣ್ಣು ತನ್ನ ಮೇಲಕ್ಕೆ ಹೊರಳುವುದಕ್ಕೆ ಅವರಿಗೆ ಹೊತ್ತೇ ಇರಲಿಲ್ಲ.

ಆದರೆ ಕೈಂಕರ್ಯದಲ್ಲಿಯೂ ಒಂದು ಅಪಾಯವಿದೆ. ಅದನ್ನು ಅನಂತಾಳ್ವಾನ್ ಕಥೆ ಮರೆಮಾಚದೆ ಹೇಳುತ್ತದೆ. ತಿರುಮಲೆಯಲ್ಲಿ ಹೂದೋಟ ಬೆಳೆಸಲು ಯಾರು ಹೋಗುತ್ತೀರೆಂದು ರಾಮಾನುಜರು ಕೇಳಿದಾಗ, ಅಲ್ಲಿಯ ಚಳಿಗೆ ಅಂಜಿ ಎಲ್ಲರೂ ತಲೆ ತಗ್ಗಿಸಿದರು. ಎದ್ದು ನಿಂತವನು ಅನಂತಾಳ್ವಾನ್ ಒಬ್ಬನೇ. ತೋಟಕ್ಕೆ ನೀರು ಬೇಕಲ್ಲ. ಕೆರೆ ತೋಡಲು ಹೊರಟ. ಇವನು ಹಾರೆಯಿಂದ ಅಗೆಯುವುದು, ತುಂಬು ಬಸುರಿಯಾದ ಹೆಂಡತಿ ಮಣ್ಣಿನ ಬುಟ್ಟಿಯನ್ನು ಹೊತ್ತು ಸುರಿದು ಬರುವುದು. ಹುಡುಗನೊಬ್ಬ ಬಂದು ತಾನೂ ಹೊರುವೆನೆಂದ. 'ಇದು ನಮ್ಮ ಸೇವೆ, ಇದರಲ್ಲಿ ನಿನಗೆ ಪಾಲಿಲ್ಲ' ಎಂದು ಗಂಡ ಗದರಿಸಿ ಕಳುಹಿಸಿದ. ಹುಡುಗ ಮರೆಯಲ್ಲಿ ನಿಂತು ಹೆಂಡತಿಯ ಬುಟ್ಟಿಯನ್ನು ತೆಗೆದುಕೊಂಡ. ಗುಟ್ಟು ಹೊರಬಿದ್ದಾಗ ಅನಂತಾಳ್ವಾನ್ ಅಟ್ಟಿಸಿಕೊಂಡು ಹೋಗಿ ಹಾರೆಯನ್ನೇ ಬೀಸಿ ಎಸೆದ. ಅದು ಹುಡುಗನ ಗಲ್ಲಕ್ಕೆ ತಗುಲಿತು. ಗುಡಿಯೊಳಗೆ ನೋಡಿದರೆ ಸ್ವಾಮಿಯ ಗಲ್ಲದಲ್ಲಿ ರಕ್ತ. ಪಚ್ಚಕರ್ಪೂರವನ್ನು ಒತ್ತಿ ರಕ್ತ ನಿಲ್ಲಿಸಿದರು. ಇಂದಿಗೂ ಅಲ್ಲಿ ಕರ್ಪೂರವಿಡುತ್ತಾರೆ. ಮಹಾದ್ವಾರದ ಬಳಿ ಮೇಲೆ ತೂಗುಹಾಕಿರುವ ಹಾರೆಯನ್ನು ತಿರುಪತಿಗೆ ಹೋದವರು ನೋಡಿರಬಹುದು.

ಸೇವೆ ಎಷ್ಟು ಸಲೀಸಾಗಿ 'ನನ್ನ ಸೇವೆ' ಆಗುತ್ತದೆ, ನೋಡಿ! ಮನೆ ಮಠ ಬಿಟ್ಟು ಬಂದವನು, ಚಳಿಗೆ ಅಂಜದವನು, ಬುಟ್ಟಿ ಮಣ್ಣನ್ನು ಇನ್ನೊಬ್ಬರಿಗೆ ಬಿಡಲಾರದೆ ಹೋದ. ಹೆಂಡತಿಗೆ ಆ ತೊಡಕಿರಲಿಲ್ಲ. ಬೆನ್ನು ನೋಯುತ್ತಿತ್ತು, ಯಾರೋ ಕೈ ನೀಡಿದರು, ಬುಟ್ಟಿ ಕೊಟ್ಟಳು. ದೇವರೊಡನೆ ಕೂಡಿ ಕೆಲಸ ಮಾಡಿದ ಭಾಗ್ಯ ಆಕೆಯದಾಯಿತು. ತಾತ ಹೀಗೆ ವ್ಯಾಖ್ಯಾನ ಮಾಡುತ್ತಿರಲಿಲ್ಲ. ಅವರಿಗೆ ಕಥೆಯ ನಾಯಕ ಗಂಡನೇ. ನನಗೆ ಬುಟ್ಟಿ ಹೊತ್ತವಳ ಕಡೆ ಗಮನ ಹೋದದ್ದು ಬಹಳ ವರ್ಷಗಳ ಮೇಲೆ. ಮತ್ತೊಂದು ಕಥೆಯನ್ನು ಓದಿದಾಗ.

ದಾಶರಥಿ ಎಂಬವರು ರಾಮಾನುಜರ ಸೋದರಿಯ ಮಗ. ತಮಿಳರು ಮುದಲಿಯಾಂಡಾನ್ ಎನ್ನುತ್ತಾರೆ. ದೊಡ್ಡ ವಿದ್ವಾಂಸರು. ಆ ವಿದ್ಯೆಯ ಜೊತೆಗೆ ಅದರ ಅರಿವೂ ಸ್ವಲ್ಪ ಇತ್ತು. ರಹಸ್ಯಾರ್ಥವನ್ನು ಉಪದೇಶಿಸಬೇಕೆಂದು ಕೇಳಿದಾಗ ರಾಮಾನುಜರು ಸುಲಭವಾಗಿ ಒಪ್ಪಲಿಲ್ಲ. ಆ ದಿನಗಳಲ್ಲಿಯೇ ರಾಮಾನುಜರ ಗುರು ಮಹಾಪೂರ್ಣರ ಮಗಳು ಅತ್ತುಳಾಯ್ ಗಂಡನ ಮನೆಯಿಂದ ಅಳುತ್ತ ಬಂದಳು. ಅವಳು ಬೆಳಿಗ್ಗೆ ಕತ್ತಲಿರುವಾಗ, ಸಂಜೆ ಕತ್ತಲಾಗುವಾಗ, ದೂರದಿಂದ ನೀರು ತರಬೇಕಾಗಿತ್ತು. 'ಒಬ್ಬಳೇ ಹೋಗಲು ಹೆದರಿಕೆಯಾಗುತ್ತದೆ, ಯಾರನ್ನಾದರೂ ಜೊತೆಗೆ ಕಳುಹಿಸಿ' ಎಂದು ಅತ್ತೆಯನ್ನು ಕೇಳಿದ್ದಕ್ಕೆ, 'ಬೇಕಾದರೆ ತೌರಿನಿಂದ ಆಳನ್ನು ಕರೆದುಕೊಂಡು ಬಾ' ಎಂದು ಮಾತು ಬಂತು. ಸಂಗತಿಯನ್ನು ಕೇಳಿದ ರಾಮಾನುಜರು ದಾಶರಥಿಯ ಕಡೆ ತಿರುಗಿ, 'ನೀನು ಹೋಗು' ಎಂದರು. ಆ ಪಂಡಿತ ಹೋದ. ನೀರು ತಂದ, ಅಡಿಗೆ ಮಾಡಿದ, ಪಾತ್ರೆ ತೊಳೆದ. ಒಂದು ದಿನ ಆ ಮನೆಯಲ್ಲಿ ಯಾರೋ ಶಾಸ್ತ್ರಾರ್ಥವನ್ನು ತಪ್ಪಾಗಿ ಹೇಳಿದಾಗ ತಡೆಯಲಾರದೆ ಸರಿಯಾದ ಅರ್ಥವನ್ನು ವಿವರಿಸಿದ. ಆಗ ಗುಟ್ಟು ಬಯಲಾಯಿತು. ಮನೆಯವರು ಗಾಬರಿಗೊಂಡು ರಾಮಾನುಜರ ಬಳಿಗೆ ಓಡಿಬಂದು ಕ್ಷಮೆ ಬೇಡಿದರು. ದಾಶರಥಿಗೆ ಉಪದೇಶವಾಯಿತು.

ಅಹಂಕಾರಕ್ಕೆ ಮದ್ದು ಎಂಬ ಶೀರ್ಷಿಕೆಯಡಿ ಈ ಕಥೆಯನ್ನು ಉಪನ್ಯಾಸಗಳಲ್ಲಿ ಹೇಳುತ್ತಾರೆ. ಸರಿಯೇ. ಆದರೆ ಒಂದು ವಿಷಯವನ್ನು ಯೋಚಿಸಿರಿ. ದಾಶರಥಿ ಕೆಲವು ಕಾಲ ಹೊತ್ತ ನೀರು ಸಾವಿರ ವರ್ಷ ಬಾಳುವ ಕಥೆಯಾಯಿತು. ಅತ್ತುಳಾಯ್ ಅದಕ್ಕೆ ಮೊದಲು ದಿನಕ್ಕೆರಡು ಹೊತ್ತು ಅದೇ ನೀರನ್ನು ಹೊತ್ತಿದ್ದಳು. ಅದು ಯಾರ ಕಣ್ಣಿಗೂ ಕೈಂಕರ್ಯವಾಗಿ ಕಾಣಲಿಲ್ಲ; ಸೊಸೆ ಮಾಡಬೇಕಾದ ಕೆಲಸವಾಗಿ ಕಂಡಿತು. ಕೊಡ ಒಂದೇ, ದಾರಿ ಒಂದೇ, ನೀರು ಒಂದೇ. ವ್ಯತ್ಯಾಸವೆಲ್ಲಿ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನಮ್ಮ ಮನೆಯಲ್ಲಿ ಅಜ್ಜನ ತಂಗಿಯೊಬ್ಬರಿದ್ದರು. ಹನ್ನೊಂದನೆಯ ವಯಸ್ಸಿಗೆ ಮದುವೆ, ಹದಿಮೂರನೆಯ ವಯಸ್ಸಿಗೆ ವೈಧವ್ಯ. ತಲೆಯ ಮೇಲೆ ಕೆಂಪು ಸೀರೆಯ ಸೆರಗು ಎಳೆದುಕೊಂಡು ತೌರಿಗೆ ಬಂದವರು ಮತ್ತೆ ಎಲ್ಲಿಗೂ ಹೋಗಲಿಲ್ಲ. ಮಕ್ಕಳು ಅವರನ್ನು ಮಡಿಯಜ್ಜಿ ಎಂದು ಕರೆಯುತ್ತಿದ್ದೆವು; ಅವರಿಗೆ ಬೇರೊಂದು ಹೆಸರಿತ್ತೆಂಬುದೇ ನಮಗೆ ತಿಳಿದಿರಲಿಲ್ಲ. ಬೆಳಗಿನ ಜಾವ ಹಿತ್ತಿಲ ಬಾವಿಯ ರಾಟೆ ಕಿರುಗುಟ್ಟಿದರೆ ನಾಲ್ಕೂವರೆಯಾಯಿತೆಂದು ಅರ್ಥ. ಒದ್ದೆ ಸೀರೆಯಲ್ಲಿ ದೇವರಿಗೆ ಒಂದು ತಾಮ್ರದ ಬಿಂದಿಗೆ, ಅಡಿಗೆಗೆ ನಾಲ್ಕು, ಏಕಾದಶಿಯ ಮರುದಿನ ಪಾರಣೆಗೆ ಇನ್ನೂ ಮುಂಚೆ, ಇನ್ನೂ ಹೆಚ್ಚು. ನಾನು ಕಂಡದ್ದು 1980ರ ದಶಕದ ಕೊನೆಯಲ್ಲಿ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಬೀದಿಗೆ ನಲ್ಲಿ ಬಂದಿತ್ತು. ಆದರೆ ನಲ್ಲಿಯ ನೀರು ಮಡಿಗೆ ಆಗದು.

ಮನೆಗೆ ಬಂದವರೆಲ್ಲ ಅವರನ್ನು ಹೊಗಳುವವರೇ. ಒಮ್ಮೆ ಚಾತುರ್ಮಾಸ್ಯದ ದಿನಗಳಲ್ಲಿ ಊಟಕ್ಕೆ ಬಂದಿದ್ದ ಪಂಡಿತರೊಬ್ಬರು ಎಲೆಯ ಮುಂದೆ ಕುಳಿತು, 'ನಿಷ್ಕಾಮ ಸೇವೆ ಅಂದರೆ ಇದು ನೋಡಿ. ಅರುವತ್ತು ವರ್ಷದಿಂದ ಒಂದು ದಿನ ತಪ್ಪದೆ ದೇವರಿಗೆ ನೀರು! ಎಂಥ ಪುಣ್ಯ!' ಎಂದರು. ಬಡಿಸುತ್ತಿದ್ದ ಮಡಿಯಜ್ಜಿ ಸೌಟನ್ನು ಪಾತ್ರೆಯಲ್ಲಿಟ್ಟು, 'ನನಗೆ ಅಷ್ಟೊಂದು ಪುಣ್ಯ ಇಟ್ಕೊಳ್ಳೋಕೆ ಜಾಗ ಇಲ್ಲ ಆಚಾರ್ಯರೆ. ನಾಳೆ ಬೆಳಿಗ್ಗೆ ಬನ್ನಿ. ನೀವೂ ಎರಡು ಬಿಂದಿಗೆ ಸೇದಿ, ಹಂಚಿಕೊಳ್ಳೋಣ' ಎಂದರು. ಸಾಲು ಪಂಕ್ತಿಯೇ ನಕ್ಕಿತು. ಆಚಾರ್ಯರೂ ನಕ್ಕರು. ಮಡಿಯಜ್ಜಿ ನಗಲಿಲ್ಲ, ಸಾರು ಬೇಕೇ ಎಂದು ಮುಂದಿನ ಎಲೆಗೆ ಹೋದರು.

ಆ ಮಾತು ಕಹಿಯಿಂದ ಬಂದಿತೆಂದು ನಾನು ಹೇಳಲಾರೆ. ಸಾಯಂಕಾಲ ತುಳಸಿಯ ಮುಂದೆ ಕುಳಿತು ಅವರು ದೇವರನಾಮ ಹೇಳಿಕೊಳ್ಳುವಾಗ ಮುಖದಲ್ಲಿ ಕಾಣುತ್ತಿದ್ದ ಸಮಾಧಾನ ನಟನೆಯಾಗಿರಲು ಸಾಧ್ಯವಿಲ್ಲ. ಅಲ್ಲಿ ನೋಡುವವರೇ ಇರುತ್ತಿರಲಿಲ್ಲ. ಅವರು ತಮ್ಮ ಪಾಲಿಗೆ ಬಂದ ಬಿಂದಿಗೆಯನ್ನು ತಮ್ಮ ಪ್ರಯತ್ನದಿಂದ ಪೂಜೆಯಾಗಿ ಮಾಡಿಕೊಂಡಿದ್ದರು. ಆದರೆ ಹಾಗೆ ಮಾಡಿಕೊಂಡವರು ಅವರು. ಹೊರಿಸಿದ ನಮ್ಮವರಿಗೆ ಅದರ ಪುಣ್ಯವನ್ನು ವರ್ಣಿಸುವ ಅಧಿಕಾರ ಎಲ್ಲಿಂದ ಬಂತು?

ಇದೇ ಪ್ರಶ್ನೆ ನನ್ನ ತರಗತಿಯಲ್ಲಿ ಬೇರೊಂದು ಬಾಯಿಂದ ಬಂತು. ಪದವಿ ತರಗತಿಗೆ ದಾಸಸಾಹಿತ್ಯದ ಪಾಠ ನಡೆಯುತ್ತಿತ್ತು. ದಾಸ್ಯಭಾವವನ್ನು ವಿವರಿಸಿ, ತನ್ನನ್ನು ಎಲ್ಲರ ಆಳೆಂದು ತಿಳಿಯುವುದೇ ಭಕ್ತಿಯ ಮೊದಲ ಮೆಟ್ಟಿಲೆಂದು ಹೇಳುತ್ತಿದ್ದೆ. ಸಾಮಾನ್ಯವಾಗಿ ಮಾತನಾಡದ ಹುಡುಗಿಯೊಬ್ಬಳು ಎದ್ದು ನಿಂತಳು. 'ಸಾರ್, ನಮ್ಮಮ್ಮ ನಾಲ್ಕು ಮನೇಲಿ ನೀರು ತುಂಬಿಸಿ ಪಾತ್ರೆ ತೊಳೀತಾರೆ. ಅವರನ್ನ ಎಲ್ಲರೂ ಆಳು ಅಂತಲೇ ತಿಳ್ಕೊಂಡಿದಾರೆ. ಅವರು ಹೊಸದಾಗಿ ಏನು ತಿಳ್ಕೋಬೇಕು ಸಾರ್?' ಎಂದಳು. ತರಗತಿ ನಿಶ್ಶಬ್ದವಾಯಿತು. ಹುಡುಗಿಯ ಧ್ವನಿಯಲ್ಲಿ ಉದ್ಧಟತನವಿರಲಿಲ್ಲ. ಉತ್ತರ ಬೇಕೆಂದೇ ಕೇಳಿದ್ದಳು. ಮುಂದಿನ ಪಾಠದ ಹೊತ್ತಿಗೆ ಹೇಳುತ್ತೇನೆಂದೆ. ಆ ರಾತ್ರಿ ನಾನು ತಿಳಿದಿದ್ದ ಕಥೆಗಳನ್ನೆಲ್ಲ ಅವಳ ಪ್ರಶ್ನೆಯನ್ನು ಹಿಡಿದುಕೊಂಡು ಒಂದೊಂದಾಗಿ ನೋಡಿದೆ.

ನೋಡಿದಾಗ ಒಂದು ಸಂಗತಿ ಹೊಳೆಯಿತು. ಬಾಗಬೇಕೆಂದು ಈ ಪರಂಪರೆ ಹೇಳಿದ್ದು ಯಾರಿಗೆ? ಪುರಂದರದಾಸರಿಗೆ: ಅವರು ನವಕೋಟಿ ನಾರಾಯಣನೆನಿಸಿದ್ದ ಸಾಹುಕಾರರು, ಇದ್ದದ್ದನ್ನೆಲ್ಲ ಬಿಟ್ಟು ತಂಬೂರಿ ಹಿಡಿದು ಮನೆಮನೆಯ ಮುಂದೆ ಗೋಪಾಳಬುಟ್ಟಿ ಒಡ್ಡಿದರು. ಕನಕದಾಸರಿಗೆ: ಅವರು ಕತ್ತಿ ಹಿಡಿದ ನಾಯಕರು, ನಾಯಕತನವನ್ನು ಇಳಿಸಿ ಬಂದರು. ದಾಶರಥಿಗೆ: ಅವರು ಪಂಡಿತರು. ರಾಯಚೂರು ಸೀಮೆಯ ಬ್ಯಾಗವಟ್ಟಿಯಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರಿಗೆ: ಅವರೂ ಸಂಸ್ಕೃತದ ಘನ ವಿದ್ವಾಂಸರು, ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರಂತೆ. ನೆಪವೇ ನಿಜವಾಗಿ ಪ್ರಾಣಕ್ಕೆ ಬಂತಂತೆ. ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಉಳಿಸಿದರೆಂದು ಕಥೆ. ಆ ಶ್ರೀನಿವಾಸಾಚಾರ್ಯರೇ ಜಗನ್ನಾಥದಾಸರಾಗಿ, ತಾವು ತಾತ್ಸಾರ ಮಾಡಿದ್ದ ಕನ್ನಡದಲ್ಲಿಯೇ 'ಹರಿಕಥಾಮೃತಸಾರ'ವನ್ನು ಬರೆದರು. ಇವರೆಲ್ಲರಿಗೂ ಇಳಿಸಲು ಏನಾದರೊಂದು ಇತ್ತು: ಒಬ್ಬರಿಗೆ ಹಣ, ಒಬ್ಬರಿಗೆ ಅಧಿಕಾರ, ಒಬ್ಬರಿಗೆ ವಿದ್ಯೆ. ಇಳಿಸಿದ್ದೇ ವಿನಯವಾಯಿತು.

ಇನ್ನು ಇಳಿಸಲು ಏನೂ ಇಲ್ಲದವರ ಸಂಗತಿ. ಇದಕ್ಕೆ ನಮ್ಮ ದಾಸರ ವಿಠಲನ ಊರಾದ ಪಂಢರಪುರದ ಕಡೆ ನೋಡಬೇಕು. ನಾಮದೇವರ ಮನೆಯಲ್ಲಿ ಜನಾಬಾಯಿ ಮನೆಗೆಲಸದ ಆಳು, ಬಾಲ್ಯದಿಂದಲೇ ದಾಸಿ. 'ನೀನು ಇನ್ನೂ ಸ್ವಲ್ಪ ತಗ್ಗು' ಎಂದು ಯಾವ ಕಥೆಯೂ ಅವಳಿಗೆ ಹೇಳುವುದಿಲ್ಲ. ವಿಠಲನೇ ಬಂದು ಅವಳ ಬೀಸುವ ಕಲ್ಲಿನ ಇನ್ನೊಂದು ಗೂಟಕ್ಕೆ ಕೈ ಹಾಕುತ್ತಾನೆ. ಪೈಠಣದ ಏಕನಾಥರ ಮನೆಯಲ್ಲಿ ಶ್ರೀಖಂಡ್ಯನೆಂಬ ಹೆಸರಿನ ಆಳಾಗಿ ಹನ್ನೆರಡು ವರ್ಷ ಗೋದಾವರಿಯ ನೀರು ಹೊತ್ತವನೂ ಅವನೇ ಎನ್ನುತ್ತಾರೆ. ಆ ನೀರು ತುಂಬಿಸುತ್ತಿದ್ದ ದೊಡ್ಡ ಹರವಿಯನ್ನು ಅಲ್ಲಿ ಈಗಲೂ ತೋರಿಸುತ್ತಾರೆ.

ಪುರಂದರದಾಸರದೇ ಒಂದು ಕಥೆ ಇದೆ. ರಾತ್ರಿ ಶಿಷ್ಯನನ್ನು ಕೂಗಿ ನೀರು ತಾ ಎಂದರಂತೆ. ತಡವಾಯಿತು. ತಂದವನಿಗೆ ಕೋಪದಿಂದ ತಂಬಿಗೆಯಲ್ಲಿ ಕುಕ್ಕಿದರಂತೆ. ಬೆಳಿಗ್ಗೆ ಶಿಷ್ಯನನ್ನು ಕೇಳಿದರೆ ಅವನು ರಾತ್ರಿ ಎದ್ದೇ ಇರಲಿಲ್ಲ. ಮುಂದಿನ ಭಾಗವನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನೀರು ತಂದು ಏಟು ತಿಂದವನು ವಿಠಲನೆಂಬುದರಲ್ಲಿ ಎಲ್ಲರೂ ಒಂದೇ. ದಾಸಶ್ರೇಷ್ಠರೆಂದು ಗುರುಗಳಿಂದ ಹೊಗಳಿಸಿಕೊಂಡವರ ಮೇಲೆಯೇ ಈ ಕಥೆಯನ್ನು ಕಟ್ಟಿದ್ದಾರಲ್ಲ, ಅದು ಮೆಚ್ಚಬೇಕಾದ ಧೈರ್ಯ. ದಾಸನಾಗುತ್ತೇನೆಂದು ಹಾಡಿದರೆ ಸಾಲದು. ರಾತ್ರಿ ನೀರು ತಂದವನನ್ನು ಹೇಗೆ ನಡೆಸಿಕೊಂಡೆ ಎಂಬುದು ಅದರ ಪರೀಕ್ಷೆ.

ಹಾಗಾದರೆ ತಗ್ಗಿನಲ್ಲಿರುವವನು ಅವಮಾನವನ್ನು ನುಂಗಿಕೊಂಡಿರುವುದು ವಿನಯವೇ? ಅಲ್ಲವೆಂದು ಹೇಳಲು ಕನಕದಾಸರು 'ರಾಮಧಾನ್ಯಚರಿತೆ'ಯನ್ನೇ ಬರೆದಿದ್ದಾರೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಮಾತು ಬಂದಾಗ ನೆಲ್ಲು ರಾಗಿಯನ್ನು ಹೀನಾಯವಾಗಿ ಜರೆಯುತ್ತದೆ. ರಾಗಿ ತಲೆ ತಗ್ಗಿಸಿ ಸುಮ್ಮನಿರುವುದಿಲ್ಲ. ಉಳ್ಳವರ ಬೆನ್ನು ಹತ್ತಿದವನು ನೀನು, ಬರಗಾಲದಲ್ಲಿ ಬಡವರ ಜೀವ ಉಳಿಸಿದವನು ನಾನು ಎಂದು ನೇರವಾಗಿ ಉತ್ತರ ಕೊಡುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ ನೋಡುತ್ತಾನೆ. ನೆಲ್ಲು ಸೊರಗಿ ಹೋಗಿರುತ್ತದೆ. ರಾಗಿ ಇದ್ದ ಹಾಗೆಯೇ ಇರುತ್ತದೆ. ರಾಘವನ ಹೆಸರು ರಾಗಿಗೆ ಸಲ್ಲುತ್ತದೆ. ಹರಿಗೆ ದಾಸನಾದವನು ಎಲ್ಲರಿಗೂ ಗುಲಾಮನಲ್ಲ. ಒಬ್ಬನಿಗೆ ಆಳಾದದ್ದರಿಂದಲೇ ಉಳಿದವರ ಆಳುತನದಿಂದ ಬಿಡುಗಡೆ. ಕನಕದಾಸರ ದಾಸ್ಯ ಅಂಥದು.

ಮುಂದಿನ ಪಾಠದಲ್ಲಿ ಆ ಹುಡುಗಿಗೆ ಇದನ್ನೇ ಹೇಳಿದೆ. 'ನಿಮ್ಮಮ್ಮ ಹೊಸದಾಗಿ ಏನೂ ತಿಳಿಯಬೇಕಾಗಿಲ್ಲಮ್ಮ. ತಿಳಿಯಬೇಕಾದವರು ಆ ನಾಲ್ಕು ಮನೆಯವರು' ಎಂದೆ. ಅವಳು ಒಂದು ಕ್ಷಣ ಯೋಚಿಸಿ, 'ಇದನ್ನ ಪರೀಕ್ಷೇಲಿ ಬರೆದರೆ ಅಂಕ ಕೊಡ್ತಾರಾ ಸಾರ್?' ಎಂದಳು. ತರಗತಿ ನಕ್ಕಿತು, ಅವಳೂ ನಕ್ಕಳು. ನನಗೆ ಮಾತ್ರ ಅದು ಬರಿಯ ತಮಾಷೆಯಾಗಿ ಕೇಳಿಸಲಿಲ್ಲ.

ಈಗಿನ ಕಾಲದಲ್ಲಿ ಸೇವೆಯೆಂದರೆ ದೇವಸ್ಥಾನದ ಹಲಗೆಯ ಮೇಲೆ ದರದೊಂದಿಗೆ ಬರೆದಿರುವ ಪಟ್ಟಿ ಎಂದು ನಾವು ತಿಳಿದಿದ್ದೇವೆ. ಹಣ ಕಟ್ಟಿ ರಸೀತಿ ಪಡೆಯುವವರು ಸೇವಾಕರ್ತರು. ಅಭಿಷೇಕಕ್ಕೆ ನೀರು ತಂದವನಿಗೆ ಆ ಹೆಸರಿಲ್ಲ. ಹಾಗೆಂದು ಎಲ್ಲವೂ ಕೆಟ್ಟಿತೆಂದು ಮೂಗು ಮುರಿಯಬೇಕಾಗಿಲ್ಲ. ತಿರುಮಲೆಯಲ್ಲಿ 2000ದಲ್ಲಿ ಶ್ರೀವಾರಿ ಸೇವೆ ಎಂಬ ಏರ್ಪಾಟು ಆರಂಭವಾಯಿತು. ನಾನಾ ಊರುಗಳಿಂದ, ನಮ್ಮ ನಾಡಿನಿಂದಲೂ, ಜನ ತಂಡ ಕಟ್ಟಿಕೊಂಡು ಹೋಗಿ ಸಂಬಳವಿಲ್ಲದೆ ಅನ್ನ ಬಡಿಸುತ್ತಾರೆ, ಸಾಲಿನಲ್ಲಿ ನಿಂತವರಿಗೆ ನೀರು ಕೊಡುತ್ತಾರೆ. ನಮ್ಮ ಕಾಲೇಜಿನ ಗಣಿತದ ಅಧ್ಯಾಪಕ ಮಿತ್ರರೊಬ್ಬರು ಹೋಗಿ ಬಂದರು. 'ಮೊದಲನೆ ದಿನ, ಯಾರಾದರೂ ನೀವೇನು ಕೆಲಸದಲ್ಲಿದೀರಿ ಅಂತ ಕೇಳಲಿ ಅನ್ನೋ ಆಸೆ ಇತ್ತು. ಕೇಳಿದರೆ ಪ್ರೊಫೆಸರ್ ಅನ್ನಬಹುದಲ್ಲ. ಯಾರೂ ಕೇಳಲಿಲ್ಲ, ಎಲ್ಲರಿಗೂ ಬೇಕಾದ್ದು ನೀರು. ನಾಲ್ಕನೆ ದಿನದ ಹೊತ್ತಿಗೆ ನನಗೇ ಮರೆತುಹೋಗಿತ್ತು' ಎಂದರು. ಕೈಂಕರ್ಯದ ಗುಣವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಭಾಷ್ಯವನ್ನು ನಾನು ಓದಿಲ್ಲ.

ಅವರ ಮನೆಯಾಕೆ ಕಾಫಿ ತಂದಿಟ್ಟು ನಿಂತಿದ್ದರು. 'ಅಲ್ಲಿ ಏಳು ದಿನ ಕೊಟ್ಟರು ಸರಿ. ಇಲ್ಲಿ ಇಪ್ಪತ್ತು ವರ್ಷ ಆಯಿತು, ಫಿಲ್ಟರಿನ ಕೊಳಾಯಿ ಎಲ್ಲಿದೆ ಅಂತ ಕೇಳಿ ನೋಡಿ' ಎಂದರು. ಮಿತ್ರರು ಲೋಟವನ್ನು ಮುಖಕ್ಕೆ ಅಡ್ಡ ಹಿಡಿದರು. ಮೊನ್ನೆ ನಾನು ಮತ್ತೆ ಹೋದಾಗ ಕಾಫಿ ತಂದವರು ಅವರೇ. ಡಿಕಾಕ್ಷನ್ ಸ್ವಲ್ಪ ನೀರಾಗಿತ್ತು. ನಾನು ಏನೂ ಹೇಳಲಿಲ್ಲ.

ತಿರುಮಲೆಯ ದಾರಿ ದೂರ. ನಮ್ಮ ಅಡಿಗೆಮನೆಯ ದಾರಿ ಅಷ್ಟು ದೂರವಲ್ಲ. ಆದರೂ ಅದನ್ನು ನಡೆಯುವುದು ಕಷ್ಟ. ಅಲ್ಲಿ ನೋಡುವವರಿಲ್ಲ, ಕೊರಳಿಗೆ ಸೇವಕರ ವಸ್ತ್ರವಿಲ್ಲ, ಹಿಂದಿರುಗಿ ಬಂದು ಹೇಳಿಕೊಳ್ಳಲು ಕಥೆಯೂ ಇಲ್ಲ. ರಾಮಾನುಜರು ಅದನ್ನು ಅರಿತೇ ದಾಶರಥಿಯನ್ನು ದೇವಾಲಯಕ್ಕೆ ಕಳುಹಿಸದೆ ಒಂದು ಸಾಮಾನ್ಯ ಸಂಸಾರದ ಹಿತ್ತಿಲಿಗೆ ಕಳುಹಿಸಿದರೆಂದು ನನಗೆ ತೋರುತ್ತದೆ. ಅವರು ಅತ್ತುಳಾಯಿಗೆ ಸಹನೆಯನ್ನು ಬೋಧಿಸಲಿಲ್ಲ; ನೀರು ಹೊರುವುದರಲ್ಲಿ ಎಷ್ಟು ಪುಣ್ಯವಿದೆಯೆಂದು ವಿವರಿಸಲಿಲ್ಲ. ಅವಳ ತಲೆಯಿಂದ ಕೊಡವನ್ನು ಇಳಿಸಿ, ಅದನ್ನು ಹೊರಲು ಯಾರಿಗೆ ಅಗತ್ಯವಿತ್ತೋ ಅವರ ತಲೆಗೆ ಏರಿಸಿದರು. ಒಬ್ಬಳ ಭಾರ ಕಳೆಯಿತು. ಇನ್ನೊಬ್ಬರ ಅಹಂಕಾರ ಕಳೆಯಿತು.

ಆ ಕಥೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರ ಬಗ್ಗೆ ಇನ್ನೊಂದು ಮಾತು ಹೇಳಬೇಕು. ದಾಶರಥಿಯಂಥ ಆಚಾರ್ಯರ ಹೆಸರು ಉಳಿಯುವುದು ಸಹಜ. ಕತ್ತಲಲ್ಲಿ ನೀರಿಗೆ ಹೋಗಲು ಹೆದರಿದ ಸೊಸೆಯ ಹೆಸರನ್ನು ಅವರು ಬಿಟ್ಟುಬಿಡಬಹುದಾಗಿತ್ತು. 'ಒಬ್ಬ ಹುಡುಗಿ' ಎಂದರೆ ಕಥೆ ನಡೆಯುತ್ತಿತ್ತು. ಅವರು ಬಿಡಲಿಲ್ಲ. ಅತ್ತುಳಾಯ್ ಎಂಬ ಅವಳ ಹೆಸರಿನಲ್ಲಿ ತುಳಸಿ ಇದೆ. ನಮ್ಮ ನಮ್ಮ ಮನೆಗಳಲ್ಲಿ ನೀರು ಹೊತ್ತವರ ಹೆಸರು ನಮಗೆಷ್ಟು ಜನಕ್ಕೆ ಗೊತ್ತು?